ಹೆಸರು ಹಿಡಿದು ಅಳುವ ಪದ

ಉಡಚಮ್ಮ ತನ್ನ ಸಂಶೋಧನಾ ಪ್ರಬಂಧಕ್ಕೆಂದು ಬರೆದ ಮೂರನೆಯ ಅಧ್ಯಾಯ ಅವಳ ಮಾರ್ಗದರ್ಶಕ ಪ್ರೊಫೆಸರ್ ಮಹೇಶ್ವರಪ್ಪನವರ ಹೆಸರಿನಲ್ಲಿ ಅಚ್ಚಾಯಿತು.

ಮರು ತಿಂಗಳೇ, ಎಂಬತ್ತೆರಡರ ಬೇಸಿಗೆಯಲ್ಲಿ, ಅವರು ಹೆಗಲಿಗೆ ಟೇಪ್ ರೆಕಾರ್ಡರ್ ನೇತುಹಾಕಿಕೊಂಡು ಜಗಳೂರಿನ ಅವಳ ಮನೆಗೇ ಬಂದರು. ರಷ್ಯಾದ ಹಳ್ಳಿ ಹೆಂಗಸರು ಹೆಣದ ಮುಂದೆ ಹಾಡಿ ಅಳುವ ಪದ, ಇಲ್ಲಿ ಅವಳ ಅವ್ವ ದುರುಗಮ್ಮ ಅಳುವ ಪದ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದೇ ಉಡಚಮ್ಮನ ಪಿಎಚ್.ಡಿ. ಮಾಸ್ಕೋದಲ್ಲಿ ಎರಡು ವರ್ಷ ಓದುವ ಅರ್ಜಿಗೆ ಪ್ರೊಫೆಸರರ ಸಹಿಯೊಂದೇ ಬಾಕಿ.

ಆ ಸಹಿಯ ಆಚೆಗೆ ಹಿಮವಿತ್ತು. ಅವ್ವ ಜಗಲಿಯಲ್ಲಿ ಕುರಿಯ ಬಿಳಿ ಉಣ್ಣೆ ಹಿಂಜುತ್ತಿದ್ದರೆ, ಹಾರುವ ಎಳೆಗಳೊಳಗೆ ಉಡಚಮ್ಮನಿಗೆ ಬೆಳ್ಳಗಿನ ತೊಗಟೆಯ ಮರಗಳು ಕಾಣುತ್ತಿದ್ದವು. ಅಲ್ಲೊಬ್ಬ ಮುದುಕಿ ಬಾಗಿಲು ತೆರೆದು ರಷ್ಯನ್ನಿನಲ್ಲಿ ಅಳುವಳು: ಯಾರ ಕೈಗೆ ನಮ್ಮನ್ನು ಕೊಟ್ಟು ಹೊರಟೆಯೋ? ದನಿ ಮಾತ್ರ ಅವ್ವನದೇ.

"ಹಾಡಮ್ಮ," ಮಹೇಶ್ವರಪ್ಪ ಗುಂಡಿ ಒತ್ತಿದರು.

ಅವ್ವ ಉಣ್ಣೆ ಬದಿಗಿಟ್ಟಳು. "ಯಾರು ಹೋದ್ರು ಸಾರ್?"

"ಯಾರೂ ಇಲ್ಲ. ಸುಮ್ನೆ, ರೆಕಾರ್ಡಿಗೆ."

"ಸುಮ್ಸುಮ್ನೆ ಹೆಂಗೆ ಅಳಾಕಾಗ್ತೈತ್ರಿ? ಸತ್ತೋರ ಹೆಸರು ಹಿಡಿದೇ ಪದ ಎತ್ತಬೇಕು. ಬದುಕಿರೋರ ಮನೇಲಿ ಎತ್ತಿದ್ರೆ ಕೇಡು." ಅವ್ವ ಎದ್ದು ಕಂಬಳಿ ಹಾಸಿದಳು. "ಬೇಕೇ ಬೇಕಂದ್ರೆ ನೀವೇ ಇದರ ಮ್ಯಾಲೆ ಮಲಗ್ರಿ. ನಿಮ್ಮ ಹೆಸರು ಹಿಡಿದು ಊರೆಲ್ಲ ಕೇಳಂಗೆ ಅಳ್ತೀನಿ."

ಉಡಚಮ್ಮನಿಗೆ ನಗು ಉಕ್ಕಿತು, ಸೆರಗಿನಲ್ಲಿ ಬಾಯಿ ಒತ್ತಿಕೊಂಡಳು. ಮಹೇಶ್ವರಪ್ಪ ಕೆಂಪಾದರು. ಚೀಲದಿಂದ ಉಡಚಮ್ಮನ ಅರ್ಜಿ ತೆಗೆದು ಜಗಲಿಯ ಮೇಲಿಟ್ಟು ಅವಳತ್ತ ತಿರುಗಿದರು.

"ನಿನಗೆ ಬಾಯಿಪಾಠ ಐತಲ್ಲ, ನೀನೇ ಹಾಡು. ಹೆಸರು ಯಾರದಾದ್ರೇನು? ಯಾವುದೋ ಒಂದು ಹಾಕು. ಇಲ್ಲಾಂದ್ರೆ ಈ ಸಹಿ ಮರೆತುಬಿಡು."

ಕ್ಯಾಸೆಟ್ಟು ಬರಿದೇ ತಿರುಗುತ್ತಿತ್ತು. ಉಣ್ಣೆಯ ಒಂದು ಎಳೆ ತೇಲುತ್ತ ಬಂದು, ಅರ್ಜಿಯ ಕೆಳಗೆ ಸಹಿಗೆಂದು ಬಿಟ್ಟಿದ್ದ ಜಾಗದಲ್ಲಿ ಹಿಮದಂತೆ ಕೂತಿತು. ಉಡಚಮ್ಮ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಎಳೆಯನ್ನಷ್ಟೇ ಎತ್ತಿಕೊಂಡಳು. ಅರ್ಜಿ ಅಲ್ಲೇ ಉಳಿಯಿತು.

"ಮೂರನೇ ಅಧ್ಯಾಯದಾಗೆ ನನ್ನ ಹೆಸರು ತೆಗೆದ್ರಿ ಸಾರ್, ಸುಮ್ನಿದ್ದೆ. ನಮ್ಮ ಸತ್ತೋರ ಹೆಸರು ತೆಗೆಯಾಕೆ ಬಿಡಾಕಿಲ್ಲ. ನಾನು ಹಾಡಾಕಿಲ್ಲ."