ನಾನೂರು ಗೌರಿಯರು

ಸಂಜೆ ಆರು ಗಂಟೆ ಹನ್ನೆರಡು ನಿಮಿಷಕ್ಕೆ ಕಾಡುಪಾಪಗಳೆಲ್ಲ ಒಟ್ಟಿಗೆ ಎದ್ದು, ಒಟ್ಟಿಗೆ ಎಡಗೈ ಚಾಚಿ ಮಿಡತೆ ಹಿಡಿಯುವುದನ್ನು ನೋಡಲು ಜನ ಟಿಕೆಟ್ ಕೊಂಡು ಬರುತ್ತಾರೆ. ಆ ನಾನೂರೂ ಗೌರಿ ಎಂಬ ಒಂದೇ ತಾಯಿಯಿಂದ ಲ್ಯಾಬಿನಲ್ಲಿ ತೆಗೆದ ಪಡಿಯಚ್ಚು. ಹೆಸರೂ ಗೌರಿಯೇ, ಕಿವಿಯ ಮೇಲಿನ ನಂಬರ್ ಮಾತ್ರ ಬೇರೆ.

ಇವತ್ತು ಬೆಳಿಗ್ಗೆ ವಾಚರ್ ಮುದ್ದರಂಗಯ್ಯ ಇನ್ನೂರ ಏಳನೇ ಗೌರಿಯನ್ನು ಟವೆಲಿನಲ್ಲಿ ಸುತ್ತಿ ತಂದು ಡಾಕ್ಟರ್ ತಸ್ನೀಮರ ಮೇಜಿನ ಮೇಲಿಟ್ಟ. ಎಡಗಣ್ಣಲ್ಲಿ ಕೀವು ತುಂಬಿತ್ತು. ಡಾಕ್ಟರು ತಮಗೆ ಗೊತ್ತಿದ್ದ ಔಷಧವನ್ನೆಲ್ಲ ಹಾಕಿ ನೋಡಿದರು. ಸಂಜೆಯ ಹೊತ್ತಿಗೆ ಅದು ಸತ್ತಿತು.

"ರಂಗಯ್ಯ, ನಮ್ಮ ಕೈಗೆ ಸಿಗದೆ ಹಳೇ ಕಾಡಿಂದು ಒಂದಾದ್ರೂ ಉಳಿದಿದೆಯಾ? ಗೌರಿ ಅಲ್ಲದ್ದು?"

"ಕೊನೇದು ಒಂದಿತ್ತಲ್ಲ ಮೇಡಂ, ಕಣ್ಮೇಲೆ ಕಲೆ ಇದ್ದ ಮುದುಕಿ. ಹೋದ ತಿಂಗ್ಳು ನಾನೇ ಹಿಡ್ಕೊಟ್ಟೆ, ನೀವು ಸೂಜಿ ಚುಚ್ಚಿದ್ರಿ. ಗುಂಡಿ ತೋಡಿದ್ದೂ ನಾನೇ."

"ಆ ಕಲೆ ಹೇಗಾಗಿತ್ತು?"

"ಇದೇ ಕಣ್ಬೇನೆ. ಔಸ್ದಿ ಇಲ್ದೆ ತಾನೇ ವಾಸಿ ಆಗಿತ್ತು. ಕಲೆ ಇರೋದು ತಳಿ ಕೆಡಿಸ್ತದೆ ಅಂತ ಅಲ್ವಾ ಅದನ್ನ ತೆಗೆದಿದ್ದು?"

ಡಾಕ್ಟರು ಸತ್ತ ಗೌರಿಯ ಮೇಲೆ ಟವೆಲ್ ಎಳೆದರು. ಹೊರಗೆ ಮಕ್ಕಳು ಜೋರಾಗಿ ಹತ್ತು, ಒಂಬತ್ತು, ಎಂಟು ಎಂದು ಎಣಿಸತೊಡಗಿದ್ದರು. ಇಬ್ಬರೂ ಬಾಗಿಲಿಗೆ ಬಂದರು.

ಜಾಲಿಮರಗಳ ತುಂಬ ಗೌರಿಯರು ಎದ್ದರು. ಒಂದೂ ಕೈ ಚಾಚಲಿಲ್ಲ. ಉಳಿದ ಮುನ್ನೂರ ತೊಂಬತ್ತೊಂಬತ್ತು ಎಡಗಣ್ಣುಗಳು ಒಟ್ಟಿಗೆ ಮುಚ್ಚಿಕೊಂಡವು.

ಇದು ಹೊಸ ಆಟವಿರಬೇಕು ಎಂದುಕೊಂಡ ಜನ ಚಪ್ಪಾಳೆ ತಟ್ಟಿದರು.