ಉಂಡೆ ತಿನ್ನಬಾರದ ಊರು

ಈ ಕಥೆಯನ್ನು ಮೊದಲು ಹೇಳಿದವಳು ಬನಹಟ್ಟಿಯಲ್ಲಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಇಂದ್ರವ್ವ. ಹೇಳಿದ್ದು ಕಳೆದ ಶ್ರಾವಣದ ಅಮಾವಾಸ್ಯೆಯ ಸಂಜೆ, ಮಗ್ಗಗಳಿಗೆ ರಜೆಯಿದ್ದುದರಿಂದ ಓಣಿಯ ಹೆಂಗಸರು ಅವಳ ಕಟ್ಟೆಯ ಮೇಲೆ ಕೂಡಿದ್ದಾಗ. ಪಕ್ಕದ ಊರು ಚಿಮ್ಮಡದಲ್ಲಿ ಇದನ್ನು ಹೇಳುವವರು ಉಂಡೆ ಶೇಂಗಾದ್ದೆನ್ನುತ್ತಾರೆ. ಇಂದ್ರವ್ವನ ಪಾಠದಲ್ಲಿ ಅದು ಅಳವಿ ಬೀಜದ್ದು. ಅಳವಿಯಿಲ್ಲದೆ ಕಥೆ ಮುಂದೆ ಸಾಗುವುದಿಲ್ಲವಾದ್ದರಿಂದ ಅದನ್ನೇ ಉಳಿಸಿಕೊಂಡಿದ್ದೇನೆ.

ಜಮಖಂಡಿಯ ಸುಲಭಾ ಮಾನವ ಪೋಷಣೆಯಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಕೊನೆಯ ವರ್ಷದ ಪ್ರಬಂಧಕ್ಕಾಗಿ, ಮೈಯಲ್ಲಿ ರಕ್ತ ಕಡಿಮೆಯಿದ್ದ ಬನಹಟ್ಟಿಯ ನೇಕಾರ ಹೆಂಗಸರಿಗೆ ರಕ್ತ ಹೆಚ್ಚಿಸುವ ಅಳವಿ, ಎಳ್ಳು, ಬೆಲ್ಲ ಸೇರಿಸಿ ಕಟ್ಟಿದ ಉಂಡೆಗಳನ್ನು ವಾರವಾರವೂ ಡಬ್ಬಿ ತುಂಬಿ ಕೊಟ್ಟಳು. ಅಂಥವರನ್ನೇ ಚಿಮ್ಮಡದಲ್ಲಿಯೂ ಹುಡುಕಿ ರಕ್ತ ಪರೀಕ್ಷಿಸಿದಳು. ಅವರಿಗೆ ಮಾತ್ರ ಉಂಡೆ ಕೊಡಲಿಲ್ಲ. ತಿಂದವರಿಗೂ ತಿನ್ನದವರಿಗೂ ಕಾಣುವ ವ್ಯತ್ಯಾಸವೇ ಅವಳ ಪ್ರಬಂಧ. ಚಳಿಗಾಲ ಕಳೆದ ಮೇಲೆ ಮತ್ತೆ ಪರೀಕ್ಷಿಸಿದರೆ, ಡಬ್ಬಿಗಟ್ಟಲೆ ಉಂಡೆ ಪಡೆದ ಬನಹಟ್ಟಿ ಇದ್ದಲ್ಲೇ ಇತ್ತು. ಒಂದು ಚೂರನ್ನೂ ಪಡೆಯದ ಚಿಮ್ಮಡ ಮೇಲೇರಿ ಕುಳಿತಿತ್ತು.

"ರಕ್ತದ ಸೀಸೆಗೆ ಅಂಟಿಸಿದ ಚೀಟಿಗಳು ಅದಲುಬದಲಾಗಿವೆ. ಸರಿಪಡಿಸಿಕೊಂಡು ಬಾ. ಇಲ್ಲವಾದರೆ ಪದವಿಯ ಮಾತು ಮುಂದಿನ ವರ್ಷ," ಎಂದರು ಮಾರ್ಗದರ್ಶಕಿ.

ಚೀಟಿಗಳನ್ನು ಸುಲಭಾ ತನ್ನ ಕೈಯಾರೆ ಅಂಟಿಸಿದ್ದಳು. ತಪ್ಪು ಅಲ್ಲಿರಲಿಲ್ಲ. ಚಿಮ್ಮಡದವರು ಗುಟ್ಟಾಗಿ ಏನು ತಿನ್ನುತ್ತಿದ್ದಾರೆಂದು ಕಂಡುಹಿಡಿಯಲು ಬನಹಟ್ಟಿಯಲ್ಲಿ ಚಿಮ್ಮಡಕ್ಕೆ ಹೋಗುವ ಆಟೋ ಹತ್ತಿದಳು. ಅದುವರೆಗೆ ಬಸ್ಸಿನಲ್ಲೇ ಓಡಾಡಿದ್ದರಿಂದ ಆಟೋ ಓಡಿಸುವ ಶಿವಪುತ್ರನಿಗೆ ಅವಳ ಗುರುತಿರಲಿಲ್ಲ. ಅವನು ಹಿಂದಿನಿಂದ ಒಂದು ಡಬ್ಬಿ ತೆಗೆದು ಅವಳ ತೊಡೆಯ ಮೇಲಿಟ್ಟ.

"ಸ್ವಲ್ಪ ಹಿಡ್ಕೊಳ್ರಿ ಅಕ್ಕಾರ. ರಸ್ತಾ ಛಲೋ ಇಲ್ಲ, ಉಂಡಿ ಒಡದು ಪುಡಿ ಆಕ್ಕಾವು."

ಹಸಿರು ಮುಚ್ಚಳದ ಆ ಡಬ್ಬಿಯನ್ನು ಅವಳೇ ಕೊಂಡು ತಂದಿದ್ದಳು. "ಯಾವ ಉಂಡಿ?" ಎಂದಳು.

"ಅಳವಿ ಉಂಡಿರಿ. ಯಾರೋ ಕಲತ ಬಾಯಾರು ಬನಹಟ್ಟ್ಯಾಗ ಪುಕ್ಕಟ ಹಂಚಾಕತ್ತಾರಂತ. ಇವರು ಚಿಮ್ಮಡಕ್ಕ ಕೊಟ್ಟ ಹೆಣ್ಣಮಕ್ಕಳಿಗೆ ಕಳಸ್ತಾರ. ನಂದು ಆಟೋ ಅಲ್ರಿ, ಉಂಡಿ ಗಾಡಿ ಆಗೇತಿ!"

ಸುಲಭಾ ಡಬ್ಬಿಯೊಂದಿಗೆ ಅಲ್ಲೇ ಇಳಿದು, ಕಳಿಸಿದವರು ಯಾರೆಂದು ಶಿವಪುತ್ರನನ್ನು ಕೇಳಿಕೊಂಡು, ತನ್ನಿಂದ ಉಂಡೆ ಪಡೆಯುತ್ತಿದ್ದ ಅನಸವ್ವನ ಮಗ್ಗದ ಶೆಡ್ಡಿಗೆ ನೇರವಾಗಿ ನಡೆದಳು. ಮಗ್ಗದ ಸದ್ದಿನಲ್ಲಿ ಮಾತು ಕೇಳುವಂತಿರಲಿಲ್ಲ. ಡಬ್ಬಿಯನ್ನು ಎತ್ತಿ ತೋರಿಸಿದಳು. ಅನಸವ್ವ ಮಗ್ಗ ನಿಲ್ಲಿಸಿದಳು.

"ಅಯ್ಯ, ಅದು ನಿಮ್ಮ ಕೈಯಾಗ ಹೆಂಗ ಬಂತ್ರಿ?"

"ವಾರಾ ವಾರಾ ಬಂದು ಕೇಳಿದಾಗ 'ತಿಂದೇನ್ರಿ, ಭಾಳ ರುಚಿ ಆಗಿದ್ದು' ಅಂತಿದ್ರಲ್ಲ, ಅನಸವ್ವಾರ!"

"ರುಚಿ ಆಗಿದ್ದು ಖರೇನ ಐತ್ರಿ. ಮಗಳು ಫೋನ್ ಮಾಡಿ ಹೇಳ್ಯಾಳ. ಬಾಯಾರ, ಅಳವಿ ಉಂಡಿ ಅಂದ್ರ ಬಾಣಂತಿ ತಿನ್ನೂದು. ಆಕಿ ಅಲ್ಲಿ ಕೂಸಿಗೆ ಹಾಲ ಕುಡಸಾಕತ್ತಾಳ, ನಾ ಇಲ್ಲಿ ಕುಂತು ಮುಕ್ಕಿದ್ರ ಗಂಟಲದಾಗ ಇಳೀತೈತೇನ್ರಿ?"

"ಮತ್ತ ಉಳಿದವರು?"

"ಯಾರಿಗರೆ ಮಗಳು, ಯಾರಿಗರೆ ತಂಗಿ. ಚಿಮ್ಮಡದಾಗ ನಮ್ಮ ಹೆಣ್ಣು ಕೊಡಲಾರದ ಮನಿ ಯಾವುದೈತ್ರಿ?"

"ಚಿಮ್ಮಡದವರು ತಿನ್ನಬಾರದಿತ್ರಿ! ಅದು ತಿನ್ನಬಾರದ ಊರು!"

ಅನಸವ್ವ ಗಲ್ಲದ ಮೇಲೆ ಕೈಯಿಟ್ಟಳು. "ತಿನ್ನಬಾರದ ಊರಂತನೂ ಇರತೈತೇನ್ರಿ? ನಿಮ್ಮ ಸಾಲ್ಯಾಗ ಏನ ಕಲಸ್ತಾರವ್ವ ಹಂಗಾರ!"

ಪದವಿ ಕೈತಪ್ಪುವ ಸಂಗತಿಯನ್ನು ಸುಲಭಾ ವಿವರಿಸಿದಾಗ ಮಾತ್ರ ಅವಳು ನಿಜವಾಗಿಯೂ ಹೆದರಿದಳು. ತುಸು ಯೋಚಿಸಿ, ಧ್ವನಿ ತಗ್ಗಿಸಿ, "ನಿಮ್ಮ ಮೇಡಂ ಅಂದಂಗ ಚೀಟಿ ಅದಲಬದಲ ಮಾಡಿಬಿಡ್ರಿ. ಇಲ್ಲಿ ಯಾರು ಬಂದು ನೋಡ್ತಾರ? ಕೇಳಿದ್ರ ನಾವೆಲ್ಲಾ ತಿಂದೇವಿ ಅಂತೇವಿ," ಎಂದಳು.

"ಹಂಗ ಬರದ್ರ ನಿಮಗ ರಕ್ತ ಬಂದೈತಿ ಅಂತ ಬರದಂಗಾಗತೈತಿ. ಬಂದಿಲ್ಲಲ್ರಿ."

ಸುಲಭಾ ಎರಡೂ ಊರುಗಳಲ್ಲಿ ಮನೆಮನೆ ತಿರುಗಿ, ಯಾರ ಉಂಡೆ ಯಾರ ಹೊಟ್ಟೆ ಸೇರಿತೆಂದು ವಿಚಾರಿಸಿ, ಇದ್ದುದನ್ನು ಇದ್ದಂತೆಯೇ ಪ್ರಬಂಧದಲ್ಲಿ ಬರೆದಳು. ಮಾರ್ಗದರ್ಶಕಿ ಹುಬ್ಬು ಗಂಟಿಕ್ಕಿಕೊಂಡೇ ಸಹಿ ಹಾಕಿದರು. ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಹಿರಿಯ ಪರೀಕ್ಷಕರು ಪ್ರಬಂಧವನ್ನು ಮುಚ್ಚಿಟ್ಟು ಕೇಳಿದರು:

"ಉಂಡೆ ಕೊಟ್ಟ ಊರಿನಲ್ಲಿ ರಕ್ತ ಹೆಚ್ಚಲಿಲ್ಲ. ಕೊಡದ ಊರಿನಲ್ಲಿ ಹೆಚ್ಚಿತು. ಪ್ರಯೋಗ ತಲೆಕೆಳಗಾಯಿತಲ್ಲಮ್ಮ?"

"ಇಲ್ಲ ಸರ್. ತಿಂದವರಿಗೆ ಹೆಚ್ಚಿದೆ, ತಿನ್ನದವರಿಗೆ ಹೆಚ್ಚಿಲ್ಲ. ಊರಷ್ಟೇ ಬದಲಾಗಿದೆ."

ಪರೀಕ್ಷಕರು ಕನ್ನಡಕ ತೆಗೆದು, ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅವರು ನಕ್ಕ ಮೇಲೆ ಮಾರ್ಗದರ್ಶಕಿಯೂ ನಗಲೇಬೇಕಾಯಿತು. ಸುಲಭಾಳಿಗೆ ಪದವಿ ಬಂತು.

ಇಂದ್ರವ್ವ ಇಲ್ಲಿಗೆ ನಿಲ್ಲಿಸಿದಾಗ ಕಟ್ಟೆಯ ತುಂಬ ನಗೆಯೆದ್ದಿತು. ಆ ಓಣಿಗೆ ಹೊಸದಾಗಿ ಸೊಸೆಯಾಗಿ ಬಂದಿದ್ದ ಶೀತಲ್ ನಗು ಇಳಿಯುವವರೆಗೆ ಕಾದು ಕೇಳಿದಳು:

"ಬಾಯಾರಿಗೆ ಡಿಗ್ರಿ ಬಂತು, ಮಗಳಿಗೆ ರಕ್ತ ಬಂತು. ಅನಸವ್ವಗ ಏನ ಬಂತ್ರಿ ಅತ್ತಿ?"

"ಆಕಿಗೆ ಉಂಡಿ ಕಳಸಬೇಕಂದ್ರ ಆಕಿ ಅವ್ವ ಇರಬೇಕಲ್ಲವ್ವಾ," ಎಂದಳು ಇಂದ್ರವ್ವ.

ಒಲೆ ಹೊತ್ತಿಸುವ ಹೊತ್ತಾಗಿತ್ತು. ಹೆಂಗಸರು ಸೆರಗು ಕೊಡವಿಕೊಂಡು ಎದ್ದು ತಂತಮ್ಮ ಮನೆಗೆ ನಡೆದರು.