ಇಮಾಂಬಿಯ ದನಿ

ಗದಗ ಬಸ್ ನಿಲ್ದಾಣದ ಕಂಡಕ್ಟರುಗಳ ಅರವತ್ತೆರಡು ಫೋನುಗಳನ್ನು ನೋಡಿಕೊಳ್ಳುವುದು ಕಸ್ತೂರಿಯ ಕೆಲಸ. ಅವಳ ಪರದೆಯ ಮೇಲೆ ಅವು ದಿನಾ ಹಾಜರಿ ಹೇಳುತ್ತವೆ, ತಮ್ಮ ತಮ್ಮ ಒಡೆಯರ ದನಿಯಲ್ಲೇ. ವರ್ಷಗಟ್ಟಲೆ ಒಬ್ಬರ ಕೈಯಲ್ಲಿದ್ದ ಫೋನಿಗೆ ಅವರ ಮಾತೂ ಗುಣವೂ ಬಂದುಬಿಡುತ್ತವಲ್ಲ, ಹಾಗೆ. ನೌಕರಿ ಮುಗಿದವರ ಫೋನನ್ನು ಮಾತ್ರ ಅಂದೇ ಅಳಿಸಿಬಿಡಬೇಕು.

ಇವತ್ತು ಇಮಾಂಬಿಯ ಸರದಿ. ಬೀಳ್ಕೊಡುಗೆಯ ಹಾರ ತೆಗೆಯದೆ ಬಂದವಳು ಫೋನನ್ನು ಮೇಜಿನ ಮೇಲಿಟ್ಟಳು.

“ಒರಸವ್ವಾ. ಇಪ್ಪತ್ತು ವರ್ಷ ಒದರಿ ಒದರಿ ಅದಕ್ಕೂ ಸಾಕಾಗೇತಿ.”

“ನನಗೇನ ಸಾಕಾಗಿಲ್ಲ! ಆಕಿಗೆ ಸಾಕಾಗೇತೇನ ಕೇಳು,” ಎಂದಿತು ಫೋನು, ಥೇಟ್ ಅವಳದೇ ಗಂಟಲಲ್ಲಿ.

ಇಮಾಂಬಿ ನಗಲು ಹೋಗಿ ಖಾಕಿ ತೋಳಿನಿಂದ ಕಣ್ಣೊರೆಸಿಕೊಂಡಳು.

ಕಸ್ತೂರಿಯ ಬೆರಳು ಮುಂದೆ ಹೋಗಲಿಲ್ಲ. ಇಮಾಂಬಿಯ ಬಸ್ಸಿನಲ್ಲಿ ಒಬ್ಬ ಮುದುಕಿಯೂ, ಒಬ್ಬ ಬಸುರಿಯೂ ನಿಂತುಕೊಂಡು ಹೋದದ್ದಿಲ್ಲ. ಅಳಿಸುವ ಮುಂಚೆ ಒಂದು ಫೋನಿನ ಒಳ್ಳೆಯ ರೂಢಿಯನ್ನು ದನಿಯ ಸಮೇತ ಉಳಿದವಕ್ಕೆ ಹಂಚುವ ಅಧಿಕಾರ ಕಸ್ತೂರಿಗಿತ್ತು; ಹಂಚುವಂಥದ್ದು ಇಷ್ಟು ವರ್ಷ ಸಿಕ್ಕಿರಲಿಲ್ಲ. ಇದನ್ನು ಹಂಚಿದಳು. ಆಮೇಲೇ ಅಳಿಸಿದಳು.

“ಹೋತು,” ಎಂದು ಇಮಾಂಬಿ ಹೊರಗೆ ಹೋಗಿ, ಕಿಟಕಿಯ ಮುಂದೆಯೇ ನಿಂತಿದ್ದ ತನ್ನೂರಿನ ಬಸ್ಸು ಹತ್ತಿದಳು.

ಕೂಡಲೇ ಆ ಬಸ್ಸಿನ ಕಂಡಕ್ಟರನ ಫೋನು ಇಮಾಂಬಿಯ ದನಿಯಲ್ಲಿ ಗದರಿತು: “ಏ ತಮ್ಮಾ, ಕಾಲಮ್ಯಾಲೆ ಕಾಲ ಹಾಕ್ಕೊಂಡ ಕುಂತೀಯಲ್ಲ, ಏಳು! ಅಕ್ಕಾರ ಬಂದಾರ, ಕಾಣಂಗಿಲ್ಲೇನು?”

ಕೂತಿದ್ದವನು ದಡಬಡಿಸಿ ಎದ್ದ. ಇಮಾಂಬಿ ಒಂದು ಗಳಿಗೆ ಬೆರಗಾಗಿ ನಿಂತಳು. ಆಮೇಲೆ ಇಡೀ ಬಸ್ಸೇ ತನ್ನದೆನ್ನುವಂತೆ ಕೂತು, ಹೊರಗೆ ಮುಖ ಹಾಕಿ ಕೂಗಿದಳು.

“ಎಷ್ಟ ಫೋನಿಗೆ ಕಲಿಸೀಯವ್ವಾ ಕಸ್ತೂರೀ?”

“ಅರವತ್ತೊಂದೂ ಬಸ್ಸಿನಾಗ ನೀವ ಅದೀರಿ ಅಕ್ಕಾರ!”